ಸೊಂಟ ಅಂದರೆ ಯಾವ ಸೊಂಟ?

‘ಅಮ್ಮಾ, ಸೊಂಟ ನೋವು’ ಅಂದಿದ್ದೇ ತಡ, ಅಮ್ಮ ಅಮೃತಾಂಜನದ ಡಬ್ಬಿ ತಂದು ಬೆನ್ನಿನ ಕೆಳಗೆ ಚೆನ್ನಾಗಿ ತಿಕ್ಕಿದರು. ನೋವಿದ್ದದ್ದು ಅಲ್ಲಲ್ಲ, ಎಡತೊಡೆ ಹೊಟ್ಟೆಗೆ ಸೇರುವ ಸಂದಿನಲ್ಲಿ. ಇಪ್ಪತ್ತು ವರ್ಷದ ಹುಡುಗ ಅಮ್ಮನಿಗೆ ತೊಡೆಸಂದು ತೋರಿಸುವುದು ಹೇಗೆ? ನಾಚಿಕೆಯಾಗಿ ಸುಮ್ಮನೆ ಬೆನ್ನು ಕೊಟ್ಟೆ. ಆ ನಾಚಿಕೆ ನನ್ನ ನಾಲ್ಕು ತಿಂಗಳನ್ನು ನುಂಗಿತು.

ಬಸವನಗುಡಿ ಕ್ರಿಕೆಟ್ಟಿನ ಊರು. ನ್ಯಾಷನಲ್ ಕಾಲೇಜು ಮೈದಾನದಲ್ಲಿ ಕ್ರಿಕೆಟ್‌ನವರು ಬಿಟ್ಟ ಮೂಲೆಯೇ ನಮ್ಮ ಫುಟ್‌ಬಾಲ್ ಅಂಗಳ. ಒಂದು ಭಾನುವಾರ ಚೆಂಡಿಗಾಗಿ ಕಾಲು ಚಾಚಿದಾಗ ಒಳತೊಡೆಯಲ್ಲಿ ಚುಳ್ಳೆಂದಿತು. ‘ಕ್ಯಾಚ್ ಹಿಡಿದಿದೆ ಮಗಾ, ಓಡಿದರೆ ಸರಿಹೋಗುತ್ತೆ’ ಎಂದ ಗೆಳೆಯ. ಅಂತರ ಕಾಲೇಜು ಟೂರ್ನಿಗೆ ಮೂರೇ ವಾರ ಬಾಕಿ. ತಂಡದಲ್ಲಿ ಜಾಗ ಹೋದೀತೆಂಬ ಭಯಕ್ಕೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿ ಓಡಿದೆ. ಮೊದಲ ಪಂದ್ಯದ ಅರ್ಧದಲ್ಲೇ ಕುಂಟುತ್ತಾ ಹೊರಬಂದೆ. ಸಂಜೆ ಗೆಳೆಯನ ಸ್ಕೂಟರ್ ಹತ್ತಲೂ ಕಾಲು ಏಳಲಿಲ್ಲ.

ಕೊನೆಗೆ ಹೋದದ್ದು ಫಿಸಿಯೊಥೆರಪಿಸ್ಟ್ ಬಳಿ. ಅವರು ನನ್ನ ಎರಡು ಮಂಡಿಗಳ ನಡುವೆ ಮುಷ್ಟಿಯಿಟ್ಟು ‘ಒತ್ತು’ ಎಂದರು. ಒತ್ತಿದೆ, ಚೀರಿದೆ. ಒಳತೊಡೆಯ ಸ್ನಾಯು ಹರಿದಿತ್ತು. ‘ಅವತ್ತೇ ನಿಲ್ಲಿಸಿದ್ದರೆ ಕೆಲವೇ ವಾರಗಳ ಮಾತು’ ಎಂದರು.

ಫುಟ್‌ಬಾಲ್‌ನಲ್ಲಿ ಹಠಾತ್ತನೆ ತಿರುಗುವುದು, ಪಾದದ ಒಳಬದಿಯಿಂದ ಪಾಸ್ ಕೊಡುವುದು ಹೆಚ್ಚು. ಹಾಗಾಗಿ ಒಳತೊಡೆಯ ಸ್ನಾಯುವಿಗೇ ಮೊದಲ ಪೆಟ್ಟು. ಜೋರಾಗಿ ಒದೆಯುವಾಗ ತೊಡೆ ಎತ್ತುವ ಮುಂಭಾಗದ ಸ್ನಾಯು ಹಿಡಿಯಬಹುದು. ಗಟ್ಟಿ ನೆಲಕ್ಕೆ ಪಕ್ಕಕ್ಕೆ ಬಿದ್ದರೆ ಸೊಂಟದ ಮೂಳೆಯ ಅಂಚು ಜಜ್ಜಿ ನೀಲಿಗಟ್ಟುತ್ತದೆ. ಇನ್ನೊಂದು ಬಗೆ ಕೀಲಿನ ಒಳಗಿನದು. ತೊಡೆಮೂಳೆಯ ಗುಂಡು ಕೂರುವ ಬಟ್ಟಲಿನ ಅಂಚಿಗೆ ಮೃದ್ವಸ್ಥಿಯ ಬಳೆಯಿದೆ; ಅದು ಹರಿದರೆ ಒಳಗೆ ‘ಟಕ್’ ಎನ್ನುತ್ತದೆ, ಚಕ್ಕಳಮಕ್ಕಳ ಹಾಕಿ ಕೂತರೆ ಚುಚ್ಚುತ್ತದೆ. ಇಂಥವರು ನೋವನ್ನು ಬೆರಳಿನಿಂದ ತೋರಿಸುವ ಬದಲು ಸೊಂಟದ ಪಕ್ಕವನ್ನು ಅಂಗೈಯಿಂದ ಬಳಸಿ ಹಿಡಿಯುವುದುಂಟು. ಬಿದ್ದ ಮೇಲೆ ಕಾಲೂರಲೇ ಆಗದಿದ್ದರೆ ಮಾತ್ರ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಹೆಸರಿನ ಗೊಂದಲ ನನ್ನೊಬ್ಬನದಲ್ಲ. ಈ ಭಾಗದ ನೋವನ್ನು ವೈದ್ಯರೂ ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. 2014ರಲ್ಲಿ ದೋಹಾದಲ್ಲಿ ತಜ್ಞರು ಸೇರಿ, ನೋವು ಎಲ್ಲಿಂದ ಬರುತ್ತಿದೆ ಎಂಬುದರ ಮೇಲೆ ಹೆಸರುಗಳನ್ನು ಒಪ್ಪಿಕೊಂಡರು. ಅಂದರೆ ಜಾಗವನ್ನು ಸರಿಯಾಗಿ ತೋರಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ನಾವೋ ಬೆನ್ನಿನಿಂದ ತೊಡೆಯವರೆಗೆ ಎಲ್ಲಕ್ಕೂ ‘ಸೊಂಟ’ ಅಂದುಬಿಡುತ್ತೇವೆ!

ಆಡದೆ ಕೂತರೆ ಅವಮಾನ ಅಂದುಕೊಂಡಿದ್ದೆ. ಆದರೆ 2019ರ ಮಾರ್ಚ್‌ನಲ್ಲಿ ಮೆಸ್ಸಿಯೇ ಕಿಬ್ಬೊಟ್ಟೆಯ ಕೆಳಗಿನ ಇಂಥದೇ ನೋವಿನಿಂದ ಮೊರಾಕೊ ವಿರುದ್ಧದ ಪಂದ್ಯದಿಂದ ಹೊರಗುಳಿದಿದ್ದರು. ಅವರಿಗಿಲ್ಲದ ಮುಜುಗರ ನನಗೇಕೆ?

ಈಗ ವಾರಕ್ಕೆ ಎರಡು ಸಲ ‘ಕೋಪನ್‌ಹೇಗನ್’ ವ್ಯಾಯಾಮ ಮಾಡುತ್ತೇನೆ. ಪಕ್ಕಕ್ಕೆ ಮಲಗಿ ಮೊಣಕೈ ಊರಬೇಕು. ಮೇಲಿನ ಕಾಲನ್ನು ಗೆಳೆಯ ಹಿಡಿದಿರುತ್ತಾನೆ. ದೇಹವನ್ನೆತ್ತಿ ಕೆಳಗಿನ ಕಾಲನ್ನು ಮೇಲಿನದಕ್ಕೆ ತಾಗಿಸಬೇಕು. ಜಿಮ್ ಬೇಡ, ಖರ್ಚಿಲ್ಲ. ಇದನ್ನೇ ಮಾಡಿಸಿದ ನಾರ್ವೆಯ ಫುಟ್‌ಬಾಲ್ ತಂಡಗಳಲ್ಲಿ ತೊಡೆಸಂದಿನ ತೊಂದರೆಯ ಅಪಾಯ ಶೇ 41ರಷ್ಟು ಕಡಿಮೆಯಾಯಿತೆಂದು 2019ರ ಅಧ್ಯಯನ ಹೇಳುತ್ತದೆ. ಆದರೆ ನೋವಿರುವಾಗ ಕೇಳದೆ ಶುರು ಮಾಡಬೇಡಿ. ಒಮ್ಮೆ ಪೆಟ್ಟಾದವರಿಗೆ ಮತ್ತೆ ಆಗುವ ಸಂಭವವೂ ಹೆಚ್ಚು. ನಾನು ಈ ವ್ಯಾಯಾಮ ಬಿಡದಿರುವುದು ಅದಕ್ಕೇ.

ಹೋದ ವಾರ ಜೂನಿಯರ್ ಒಬ್ಬ ಕುಂಟುತ್ತಾ ಬಂದು ‘ಅಣ್ಣಾ, ಸೊಂಟ ಹಿಡ್ಕೊಂಡಿದೆ’ ಅಂದ. ‘ಯಾವ ಸೊಂಟ? ಬೆರಳಿಟ್ಟು ತೋರಿಸು’ ಅಂದೆ. ಆಚೀಚೆ ನೋಡಿ, ಮೆಲ್ಲಗೆ ತೊಡೆಸಂದಿಗೆ ಬೆರಳಿಟ್ಟ. ಬೂಟು ಬಿಚ್ಚಿಸಿ ಪಕ್ಕಕ್ಕೆ ಕೂರಿಸಿದೆ. ಮುಖ ಊದಿಸಿಕೊಂಡೇ ಕೂತಿದ್ದ. ಆಟ ಮುಗಿದ ಮೇಲೆ ಗಾಂಧಿ ಬಜಾರಿನಲ್ಲಿ ಕಾಫಿ ಕೊಡಿಸಿ, ನನ್ನ ನಾಲ್ಕು ತಿಂಗಳ ಕಥೆ ಹೇಳಿದೆ.