ಕಸುಬಿನ ಹೆಸರು ಹೊತ್ತ ಆಳಿಗಳು

ಪುಣೆಯ ಪೇಟೆಗಳಲ್ಲಿ ಅತ್ಯಂತ ಹಳೆಯದಾದ ಕಸಬಾ ಪೇಠವನ್ನು, ಒಂದನೆಯ ಬಾಜೀರಾಯನು 1730ರಲ್ಲಿ ಕಟ್ಟಿಸಲಾರಂಭಿಸಿದ ಶನಿವಾರ ವಾಡೆಯ ಪಕ್ಕದಿಂದ ಮೊದಲುಮಾಡಿ, ಒಂದು ಹಗಲಿನಲ್ಲಿ ಕಾಲ್ನಡಿಗೆಯಲ್ಲಿಯೇ ಸುತ್ತಿಬರಬಹುದು. ಇಲ್ಲಿನ ಓಣಿಗಳಿಗೆ ‘ಆಳಿ’ ಎಂದು ಹೆಸರು. ಒಂದೇ ಕಸುಬಿನವರ ಮನೆಗಳ ಸಾಲು ಎಂಬುದು ಅದರ ಅರ್ಥವಾಗಿದ್ದು, ಹಳಗನ್ನಡ ಓದಿದವರಿಗೆ ಸಾಲು ಎಂಬ ಅರ್ಥದ ಈ ಪದ ಹೊಸದಲ್ಲ. ಬೆಂಗಳೂರಿನ ಕುಂಬಾರಪೇಟೆ, ಅರಳೆಪೇಟೆಗಳಲ್ಲಿ ಕಸುಬು ಸರಿದುಹೋಗಿ ಹೆಸರು ಮಾತ್ರ ಉಳಿದಿರುವಾಗ, ಕಸಬಾ ಪೇಠದ ಕೆಲವು ಆಳಿಗಳಲ್ಲಿ ಹೆಸರಿನೊಂದಿಗೆ ಕೆಲಸವೂ ಉಳಿದಿದೆ ಎಂಬುದೇ ಈ ನಡಿಗೆಯ ನಿಜವಾದ ಬೆಲೆ.

ಕೈಕಾಗದ ಮಾಡುವವರ ಕಾಗದಿಪುರ ಇಂದು ಬಹುಮಟ್ಟಿಗೆ ಹೆಸರಷ್ಟೇ. ಬುರುಡ ಆಳಿಯಲ್ಲಿ ಬಿದಿರನ್ನು ಸೀಳಿ ಮೊರ, ಬುಟ್ಟಿ, ಏಣಿಗಳನ್ನು ಮಾಡುವ ಬುರುಡರು ನಮ್ಮ ಮೇದಾರರ ಕಸುಬಿನವರೇ ಆಗಿದ್ದು, ಹನ್ನೆರಡನೆಯ ಶತಮಾನದ ಕನ್ನಡದ ಶರಣ ಮೇದಾರ ಕೇತಯ್ಯನನ್ನು ಇಂದಿಗೂ ಪೂಜ್ಯನೆಂದು ಭಾವಿಸುತ್ತಾರೆ.

ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದುದು ತಾಂಬಟ ಆಳಿಯಲ್ಲಿ. ತಾಂಬಟರೆಂದರೆ ತಾಮ್ರದ ಪಾತ್ರೆ ಮಾಡುವವರು. ಪೇಶ್ವೆಗಳ ಕಾಲದಲ್ಲಿ ಕೊಂಕಣದಿಂದ ಬಂದು ನೆಲೆಸಿದವರೆಂದು ಹೇಳಲಾಗುವ ಈ ಸಮುದಾಯದ ಮನೆಗಳಲ್ಲಿ ಮುಂಭಾಗವೇ ಕಾರ್ಖಾನೆ. ತಾಮ್ರದ ತಗಡನ್ನು ಕತ್ತರಿಸಿ, ಬಡಿದು ಬಾಗಿಸಿ, ಅಂಚುಗಳನ್ನು ಬೆಸೆದು ಆಕಾರ ಕೊಡಲಾಗುತ್ತದೆ. ಬಡಿದಂತೆಲ್ಲ ತಾಮ್ರ ಗಡುಸಾಗಿ ಸೀಳುವ ಭಯವಿರುವುದರಿಂದ, ನಡುನಡುವೆ ಅದನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಬೇಕಾಗುತ್ತದೆ. ಕಡೆಯ ಹಂತವೇ ‘ಮಠಾರಕಾಮ’. ಹೊಳಪು ಕೊಟ್ಟ ಮೊಗದ ಸುತ್ತಿಗೆಯಿಂದ, ಕಬ್ಬಿಣದ ಆಧಾರಕ್ಕೆ ತೊಡಿಸಿದ ಪಾತ್ರೆಯನ್ನು ಒಂದು ಕೈಯಲ್ಲಿ ತುಸುತುಸುವೇ ತಿರುಗಿಸುತ್ತ, ಒಂದು ಗುಳಿಯ ಅಂಚಿಗೆ ಇನ್ನೊಂದು ಗುಳಿ ತಾಗುವಂತೆ ಸಾಲಾಗಿ ಹೊಡೆಯುತ್ತ ಹೋಗುವಾಗ, ಕೆಲಸಗಾರನು ಗೆರೆಯನ್ನಾಗಲಿ ಅಳತೆಯನ್ನಾಗಲಿ ಬಳಸುವುದಿಲ್ಲ. ಕಣ್ಣು ಮತ್ತು ಕಿವಿಗಳೇ ಅವನ ಅಳತೆಗೋಲು. ಈ ಗುಳಿಗಳನ್ನು ಬರಿಯ ಅಲಂಕಾರವೆಂದು ತಿಳಿಯುವುದು ತಪ್ಪು. ಬೆಂಕಿಯಲ್ಲಿ ಮೆತ್ತಗಾದ ತಗಡಿಗೆ ಗಟ್ಟಿತನವನ್ನು ಮರಳಿ ಕೊಡುವುದೂ, ತೆಳುವಾದ ಪಾತ್ರೆ ತಗ್ಗುಬೀಳದಂತೆ ಕಾಯುವುದೂ ಇವೇ; ಆದ್ದರಿಂದಲೇ ಮಠಾರಿನ ನಂತರ ಪಾತ್ರೆಯನ್ನು ಮತ್ತೆ ಕೆಂಪಗೆ ಕಾಯಿಸುವಂತಿಲ್ಲ.

ಹುಳಿ ಪದಾರ್ಥ ತಾಮ್ರಕ್ಕೆ ತಾಗಿದರೆ ಕಿಲುಬು ಬಿಡುವುದರಿಂದ ಅಡುಗೆಯ ಪಾತ್ರೆಗಳ ಒಳಮೈಗೆ ಕಲಾಯಿ, ಅಂದರೆ ತವರದ ತೆಳುಲೇಪ, ಬೇಕೇ ಬೇಕು. ಕಾದ ಪಾತ್ರೆಗೆ ನವಸಾಗರವನ್ನು ಉದುರಿಸಿ, 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ತವರವನ್ನು ಅರಳೆಯಿಂದ ಒರೆಸಿದ ಕ್ಷಣದಲ್ಲಿ ಕೆಂಪು ಮೈ ಬೆಳ್ಳಿಯಂತೆ ಬೆಳಗುವುದನ್ನು, ಕಲಾಯಿಯವನ ಕೂಗು ಕೇಳಿ ಬೆಳೆದ ಹಿರಿಯ ಕನ್ನಡಿಗರು ಮರೆತಿರಲಾರರು.

ಉಕ್ಕಿನ ಪಾತ್ರೆಗಳೂ ಗೀಸರ್‌ಗಳೂ ಬಂದ ಮೇಲೆ ಹಂಡೆ, ಕೊಳಗಗಳಿಗೂ, ನಡುವೆ ಕೆಂಡದ ಕೊಳವೆಯಿರುವ ನೀರು ಕಾಯಿಸುವ ‘ಬಂಬ’ಕ್ಕೂ ಬೇಡಿಕೆ ಕುಸಿಯಿತು. ಪರಂಪರೆಯ ರಕ್ಷಣೆಗಾಗಿ 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯ ಪುಣೆ ಶಾಖೆಯು ತಾಂಬಟರೊಂದಿಗೆ ಸೇರಿ ಇಂದಿನ ಮನೆಗಳಿಗೆ ಹೊಂದುವ ಹೂಜಿ, ತಟ್ಟೆ, ದೀಪಗಳ ವಿನ್ಯಾಸಕ್ಕೆ ಕೈಹಾಕಿದುದು ಈ ಹಿನ್ನೆಲೆಯಲ್ಲಿಯೇ. ಪಂಜಾಬಿನ ಜಂಡಿಯಾಲಾ ಗುರು ಎಂಬ ಊರಿನ ಠಠೇರರ ಹಿತ್ತಾಳೆ-ತಾಮ್ರದ ಕೆಲಸಕ್ಕೆ 2014ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ದೊರೆತಿದೆ. ತಾಂಬಟರ ಕೈಚಳಕವೂ ಅಂಥ ಗೌರವಕ್ಕೆ ಯಾವ ರೀತಿಯಲ್ಲಿಯೂ ಕಡಿಮೆಯಾದುದಲ್ಲ.

ದಿನದ ಕೊನೆಗೆ, ದಿನಕರ ಕೇಳಕರರು ಸುಮಾರು 1920ರಿಂದ ಸಂಗ್ರಹಿಸಿ, ಅಕಾಲದಲ್ಲಿ ತೀರಿಕೊಂಡ ಮಗ ರಾಜನ ಹೆಸರಿನಲ್ಲಿ ನಿಲ್ಲಿಸಿದ ವಸ್ತುಸಂಗ್ರಹಾಲಯದಲ್ಲಿ ಹಳೆಯ ದೀಪ, ಅಡಕತ್ತರಿ, ಪಾತ್ರೆಗಳನ್ನು ನೋಡಬಹುದು. ಆದರೆ ಗಾಜಿನ ಹಿಂದಿನ ಪಾತ್ರೆ ಕಸುಬನ್ನು ಉಳಿಸಲಾರದು. ತಾಂಬಟ ಆಳಿಗೆ ಹೋಗುವವರು ಕೆಲಸದ ದಿನದಂದು ಹೋಗಲಿ, ಕೇಳಿಯೇ ಫೋಟೋ ತೆಗೆಯಲಿ, ಮರಳುವಾಗ ಚೌಕಾಸಿ ಮಾಡದೆ ಒಂದು ತಂಬಿಗೆಯನ್ನಾದರೂ ಕೊಂಡು ತಂದು ದಿನವೂ ಬಳಸಲಿ.