ಕಡತದ ಗುಣಲಕ್ಷಣಗಳು

ಕಡತದ ಗುಣಲಕ್ಷಣಗಳು ಎಂದರೆ ಗಣಕಯಂತ್ರದ ಕಡತವೊಂದರ ಒಳಗಿನ ಬರಹದಿಂದ ಪ್ರತ್ಯೇಕವಾಗಿ, ಆ ಕಡತದ ಬಗ್ಗೆ ಕಾರ್ಯಾಚರಣ ವ್ಯವಸ್ಥೆಯು ದಾಖಲಿಸಿಡುವ ವಿವರಗಳು. ಗಾತ್ರ, ಒಡೆತನ, ಓದುವ ಮತ್ತು ಬರೆಯುವ ಅನುಮತಿ, ಕೊನೆಯ ಬಾರಿ ಬದಲಾದ ಸಮಯ ಮೊದಲಾದವು ಇದರಲ್ಲಿ ಸೇರುತ್ತವೆ. ಕೋಡ್ ಎಡಿಟರ್‌ನಲ್ಲಿ ಕಡತವನ್ನು ಉಳಿಸಿದಾಗ ಇವುಗಳಲ್ಲಿ ಕೆಲವು ಬದಲಾಗಬೇಕು, ಕೆಲವು ಇದ್ದಂತೆಯೇ ಇರಬೇಕು. ಹಾಗಾಗದಿದ್ದಲ್ಲಿ ಬರಹ ಸರಿಯಾಗಿದ್ದರೂ ಕೆಲಸ ಕೆಡುತ್ತದೆ.

ಉಳಿಸುವ ವಿಧಾನ

ಹಳೆಯ ಕಡತದ ಮೇಲೆಯೇ ಬರೆಯುವುದು ಸರಳ ವಿಧಾನ. ಇದರಲ್ಲಿ ಒಡೆತನ, ಅನುಮತಿಗಳು ಹಾಗೆಯೇ ಉಳಿಯುತ್ತವೆ. ಆದರೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ ಬರಬಹುದು. ಆದ್ದರಿಂದ ಅನೇಕ ಎಡಿಟರ್‌ಗಳು ಬೇರೊಂದು ಕಡತದಲ್ಲಿ ಪೂರ್ತಿಯಾಗಿ ಬರೆದು, ಅನಂತರ ಅದಕ್ಕೆ ಹಳೆಯ ಹೆಸರನ್ನು ಕೊಡುತ್ತವೆ. ಇದು ಹರಿದುಹೋದ ಹಾಜರಿ ಪುಸ್ತಕವನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿದಂತೆ: ಹೆಸರುಗಳೆಲ್ಲ ಬಂದರೂ ಮುಖ್ಯೋಪಾಧ್ಯಾಯರ ಸಹಿ, ಮೊಹರು ತಾವಾಗಿ ಬರುವುದಿಲ್ಲ. ಒಡೆತನ, ಅನುಮತಿಗಳನ್ನು ಎಡಿಟರೇ ಹೊಸ ಕಡತಕ್ಕೆ ವರ್ಗಾಯಿಸಬೇಕು. ಅದು ತಪ್ಪಿದರೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ನಿನ್ನೆ ಓಡುತ್ತಿದ್ದ ಸ್ಕ್ರಿಪ್ಟ್ ಇಂದು ಓಡಲು ಅನುಮತಿಯಿಲ್ಲವೆಂದು ನಿಲ್ಲುತ್ತದೆ. ವಿಮ್ ಎಡಿಟರ್‌ನಲ್ಲಿ ‘ಬ್ಯಾಕಪ್‌ಕಾಪಿ’ ಎಂಬ ಆಯ್ಕೆಯ ಮೂಲಕ ಯಾವ ವಿಧಾನ ಬೇಕೆಂಬುದನ್ನು ಬಳಕೆದಾರರೇ ನಿರ್ಧರಿಸಬಹುದು.

ಬದಲಾದ ಸಮಯದ ಮಹತ್ವ

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ತಂತ್ರಾಂಶವನ್ನು ರಚಿಸಿದರು. ತಪ್ಪನ್ನು ತಿದ್ದಿಯಾಗಿದ್ದರೂ ಆ ಕಡತವನ್ನು ಮರಳಿ ಕಂಪೈಲ್ ಮಾಡದ ಕಾರಣ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಗನ್ನೇ ವ್ಯರ್ಥ ಮಾಡಿಕೊಂಡದ್ದು ಇದಕ್ಕೆ ಪ್ರೇರಣೆ. ಮೂಲ ಕಡತದ ಸಮಯವು ಸಿದ್ಧ ಕಡತದ ಸಮಯಕ್ಕಿಂತ ಹೊಸದಾಗಿದ್ದರೆ ಮಾತ್ರ ಮೇಕ್ ಅದನ್ನು ಮತ್ತೆ ಕಂಪೈಲ್ ಮಾಡಿಸುತ್ತದೆ. ಎಡಿಟರ್ ಹಳೆಯ ಸಮಯವನ್ನೇ ಉಳಿಸಿದರೆ, ಅಥವಾ ಗಣಕದ ಗಡಿಯಾರ ಹಿಂದಿದ್ದರೆ, ಜಾನ್ಸನ್ನರ ಪಾಡೇ ಮರುಕಳಿಸುತ್ತದೆ.

ಪ್ರತಿಗಳನ್ನು ಹೊಂದಿಸುವ ‘ಆರ್‌ಸಿಂಕ್’ ಸಾಮಾನ್ಯವಾಗಿ ಗಾತ್ರ ಮತ್ತು ಸಮಯ ಎರಡನ್ನೂ ನೋಡುತ್ತದೆ. ಕನ್ನಡ ಬರಹಕ್ಕೆ ಗಾತ್ರದ ಆಸರೆ ಹಲವು ಸಲ ದೊರೆಯದು. ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್‌ಗಳು. ‘ಬಾಷೆ’ ಎಂಬ ತಪ್ಪನ್ನು ‘ಭಾಷೆ’ ಎಂದು ತಿದ್ದಿದರೆ ಕಡತದ ಗಾತ್ರ ಒಂದು ಬೈಟ್‌ನಷ್ಟೂ ಬದಲಾಗುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ತಿದ್ದುಪಡಿ, ಕನ್ನಡ ಕರಡು ತಿದ್ದುವವರಿಗೆ ನಿತ್ಯದ ಕೆಲಸ, ಬಹುಮಟ್ಟಿಗೆ ಈ ಬಗೆಯದೇ. ಸಮಯವೂ ಬದಲಾಗದಿದ್ದರೆ ಆರ್‌ಸಿಂಕ್ ಆ ಕಡತವನ್ನು ಬಿಟ್ಟು ಮುಂದುವರಿಯುತ್ತದೆ. ಬ್ಯಾಕಪ್‌ನಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ.

ಸಂದೇಹವಿದ್ದಾಗ ಲಿನಕ್ಸ್‌ನ ‘ಟಚ್’ ಆದೇಶದಿಂದ ಕಡತದ ಸಮಯವನ್ನು ಈಗಿನದಾಗಿಸಬಹುದು. ಆರ್‌ಸಿಂಕ್‌ನಲ್ಲಿ ‘ಚೆಕ್‌ಸಮ್’ ಆಯ್ಕೆ ಬಳಸಿದರೆ ಅದು ಸಮಯವನ್ನು ನಂಬದೆ ಒಳಗಿನ ಬರಹವನ್ನೇ ಹೋಲಿಸುತ್ತದೆ. ಎರಡೂ ಕಡೆಯ ಕಡತಗಳನ್ನು ಪೂರ್ತಿ ಓದಬೇಕಾದ್ದರಿಂದ ಇದಕ್ಕೆ ಹೆಚ್ಚು ಸಮಯ ಬೇಕಾಗುತ್ತದೆ.