ಮರುಭೂಮಿಯ ಕಲ್ಲಿನಲ್ಲಿ ಐದೆಸಳಿನ ನಕ್ಷತ್ರ: ಸೀ ಅರ್ಚಿನ್ ಪಳೆಯುಳಿಕೆಯ ಸೆಳೆತ

ರಜೆಯ ದಿನ ಶಾರ್ಜಾದ ಮಲೀಹಾ ಕಡೆ ಕಾರು ಹತ್ತಿ ಹೋಗುವ ಮಂಗಳೂರು, ಮಂಜೇಶ್ವರ, ಉಪ್ಪಳದ ಹುಡುಗರಿಗೆ ಜಬಲ್ ಬುಹೈಸ್ ಹೊಸದಲ್ಲ. ಬೋಳು ಗುಡ್ಡ, ಕೆಂಪು ಮರಳು, ಫೋಟೊಗೆ ಒಳ್ಳೆಯ ಜಾಗ. ಆದರೆ ಆ ಗುಡ್ಡದ ಸುಣ್ಣಕಲ್ಲು ಒಂದು ಕಾಲದ ಕಡಲತಳ ಎಂಬುದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಸುಮಾರು 7 ಕೋಟಿ ವರ್ಷಗಳ ಹಿಂದೆ ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರಲ್ಲಿ ಬದುಕಿದ್ದ ಸೀ ಅರ್ಚಿನ್‌ಗಳು ಈಗ ಕಲ್ಲಾಗಿ ಕಾಣಸಿಗುತ್ತವೆ. 2020ರಲ್ಲಿ ತೆರೆದ ಬುಹೈಸ್ ಜಿಯಾಲಜಿ ಪಾರ್ಕಿನ ಗುಂಡನೆಯ ಕಟ್ಟಡಗಳಿಗೂ ಈ ಪಳೆಯುಳಿಕೆಯ ಆಕಾರವೇ ಮಾದರಿ.

ಸೀ ಅರ್ಚಿನ್ ಅಂದರೆ ಮೈತುಂಬ ಮುಳ್ಳಿರುವ ಚೆಂಡಿನಂಥ ಕಡಲ ಜೀವಿ, ನಕ್ಷತ್ರಮೀನಿನ ಸಂಬಂಧಿ. ಸತ್ತ ಮೇಲೆ ಮುಳ್ಳುಗಳು ಉದುರಿ ಹೋಗುತ್ತವೆ. ಉಳಿಯುವುದು ಕ್ಯಾಲ್ಸೈಟ್‌ನ ಸಣ್ಣ ಸಣ್ಣ ಬಿಲ್ಲೆಗಳನ್ನು ಜೋಡಿಸಿದಂಥ ಗಟ್ಟಿ ಗೂಡು. ಅದರೊಳಗೆ ಕೆಸರು ತುಂಬಿ, ಕಾಲಕ್ರಮೇಣ ಇಡೀ ಗೂಡೇ ಕಲ್ಲಾಗುತ್ತದೆ. ಮರಳಿನಲ್ಲಿ ಹುದುಗಿಕೊಂಡೇ ಬದುಕುತ್ತಿದ್ದ ಜಾತಿಗಳು ಸತ್ತಲ್ಲೇ ಹೂತುಹೋದ ಕಾರಣ ಮುರಿಯದೆ ಉಳಿದದ್ದು ಹೆಚ್ಚು. ಮೇಲ್ಭಾಗದಲ್ಲಿ ಕಾಣುವ ಐದೆಸಳಿನ ನಕ್ಷತ್ರ ಬರೀ ಚಂದಕ್ಕಲ್ಲ. ಅದು ಸೂಜಿಮೊನೆಯಂಥ ರಂಧ್ರಗಳ ಸಾಲು. ಆ ರಂಧ್ರಗಳಿಂದ ಹೊರಬರುವ ಕೊಳವೆಯಂಥ ಕಾಲುಗಳಿಂದಲೇ ಆ ಜೀವಿ ಉಸಿರಾಡುತ್ತಿತ್ತು.

ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಅಳತೆ ಹಾಕಿ ಕೆತ್ತಿದಂಥ ನಕ್ಷತ್ರ. ಭೂವಿಜ್ಞಾನ ಓದದವನಿಗೂ ಇದು ಸಾಮಾನ್ಯ ಕಲ್ಲಲ್ಲ ಅಂತ ಗೊತ್ತಾಗುತ್ತದೆ. ಸಂಗ್ರಾಹಕರು ಇದಕ್ಕೆ ಮರುಳಾಗಲು ಅಷ್ಟು ಸಾಕು.

ಈ ಹುಚ್ಚು ಇಂದು ನಿನ್ನೆಯದೂ ಅಲ್ಲ. ಅದರ ಅತಿ ಹಳೆಯ ಕುರುಹುಗಳಲ್ಲಿ ಒಂದು ಸಿಕ್ಕಿದ್ದು ಇಂಗ್ಲೆಂಡಿನ ಸ್ವಾನ್ಸ್‌ಕೂಂಬ್‌ನಲ್ಲಿ. ಸುಮಾರು 4 ಲಕ್ಷ ವರ್ಷ ಹಿಂದಿನ ಚಕಮಕಿ ಕಲ್ಲಿನ ಕೈಗೊಡಲಿ ಅದು. ಕೆತ್ತಿದವನು ಕಲ್ಲಿನಲ್ಲಿದ್ದ ಸೀ ಅರ್ಚಿನ್‌ಗೆ ಪೆಟ್ಟು ಬೀಳದಂತೆ ಉಳಿಸಿಕೊಂಡಿದ್ದಾನೆ. ಅದೇ ದೇಶದ ಡನ್‌ಸ್ಟಬಲ್ ಬಳಿ 1887ರಲ್ಲಿ ವರ್ದಿಂಗ್ಟನ್ ಸ್ಮಿತ್ ಅಗೆದ ಒಂದು ಪುರಾತನ ಸಮಾಧಿಯಲ್ಲಿ ಹೆಂಗಸು ಮತ್ತು ಮಗುವಿನ ಎಲುಬುಗಳ ಜೊತೆ 200ಕ್ಕೂ ಹೆಚ್ಚು ಸೀ ಅರ್ಚಿನ್ ಪಳೆಯುಳಿಕೆಗಳು ಸಿಕ್ಕವು. ಯಾರೋ ಅಷ್ಟೊಂದನ್ನು ಹುಡುಕಿ, ಕೂಡಿಟ್ಟು ತಂದಿದ್ದರು. ಮುಂದೆ ಅಲ್ಲಿನ ಹಳ್ಳಿಗರು ಇವನ್ನು ‘ಕುರುಬರ ಕಿರೀಟ’ ಅಂತ ಕರೆದು, ಸಿಡಿಲು ಬಡಿಯದಿರಲಿ ಎಂದು ಕಿಟಕಿಯಲ್ಲಿ ಇಡುತ್ತಿದ್ದರು. ನಂಬಿಕೆ ಹೇಗೂ ಇರಲಿ, ಆ ಕಾರಣಕ್ಕೆ ಎಷ್ಟೋ ಕಲ್ಲುಗಳು ಜೋಪಾನವಾಗಿ ಉಳಿದವು.

ಬರೀ ಕೂಡಿಡುವುದಕ್ಕೂ ಗುರುತು ಬರೆದಿಡುವುದಕ್ಕೂ ಇರುವ ವ್ಯತ್ಯಾಸ ತೋರಿಸಿದವರು ಇಂಗ್ಲೆಂಡಿನದೇ ಮಾರ್ಗೇಟ್‌ನ ವೈದ್ಯ ಆರ್ಥರ್ ರೋ. ಬಿಡುವಿನ ವೇಳೆಯಲ್ಲಿ ಬಿಳಿ ಸೀಮೆಸುಣ್ಣದ ಬಂಡೆಗಳಿಂದ ಮೈಕ್ರಾಸ್ಟರ್ ಎಂಬ ಹೃದಯಾಕಾರದ ಸೀ ಅರ್ಚಿನ್‌ಗಳನ್ನು ಹೆಕ್ಕುತ್ತಿದ್ದ ಅವರು, ಪ್ರತಿಯೊಂದೂ ಯಾವ ಪದರದಲ್ಲಿ ಸಿಕ್ಕಿತು ಅಂತ ಗುರುತು ಹಾಕಿಕೊಂಡರು. ಕೆಳಗಿನ ಪದರದಿಂದ ಮೇಲೆ ಬರುತ್ತಾ ಅವುಗಳ ರೂಪ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ ಎಂದು 1899ರಲ್ಲಿ ತೋರಿಸಿದರು. ಪದರದ ಗುರುತು ಇಲ್ಲದಿದ್ದರೆ ಆ ಸಂಗ್ರಹ ಒಂದು ಡಬ್ಬಿ ಕಲ್ಲು ಮಾತ್ರ.

ಸಮಸ್ಯೆ ಇರುವುದು ಇಲ್ಲೇ. ಮೊರಾಕ್ಕೊ, ಮಡಗಾಸ್ಕರ್‌ನಿಂದ ಬರುವ ಸೀ ಅರ್ಚಿನ್‌ಗಳು ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಧಾರಾಳ ಸಿಗುತ್ತವೆ. ಪಾಲಿಶ್ ಹಾಕಿದ್ದೂ ಇರುತ್ತದೆ, ಅಂಟು ಹಾಕಿ ರಿಪೇರಿ ಮಾಡಿದ್ದೂ ಇರುತ್ತದೆ. ಎಲ್ಲಿಯದು, ಯಾವ ಪದರದ್ದು ಎಂದು ಕೇಳಿದರೆ ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ. ಬೆಲೆ ಕೊಡುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಕೊಂಡ ಮೇಲೆ ವಿನೆಗರ್, ಲಿಂಬೆಹುಳಿ ಹಾಕಿ ತೊಳೆಯುವುದು ಬೇಡ. ಹುಳಿ ತಾಗಿದರೆ ಕ್ಯಾಲ್ಸೈಟ್ ಕರಗುತ್ತದೆ, ನಕ್ಷತ್ರವೇ ಅಳಿಸಿಹೋಗಬಹುದು. ನೀರು ಮತ್ತು ಮೆತ್ತನೆಯ ಬ್ರಷ್ ಸಾಕು.

ಊರಿನಲ್ಲಿ ಮುರಕಲ್ಲು ಕಡಿಯುವಾಗ ಇಂಥದ್ದು ಸಿಗುವುದಿಲ್ಲ. ತಮಿಳುನಾಡಿನ ಅರಿಯಲೂರು ಸುತ್ತಿನ ಸುಣ್ಣಕಲ್ಲಿನಲ್ಲಿ ಇವೆ. ಅಲ್ಲೂ ಒಂದು ಕಾಲಕ್ಕೆ ಕಡಲಿತ್ತು. ಬುಹೈಸ್‌ಗೆ ಹೋದವರು ಅಲ್ಲಿನ ಕಲ್ಲನ್ನು ಜೇಬಿಗೆ ಹಾಕಿಕೊಳ್ಳದೆ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆದು, ಮೊಬೈಲಿನಲ್ಲಿ ಜಾಗದ ಗುರುತು ಹಾಕಿ ಪಾರ್ಕಿನ ಸಿಬ್ಬಂದಿಗೆ ತೋರಿಸಬಹುದು. ಯಾವ ಜಾತಿಯದೆಂದು ಕೇಳಿ ತಿಳಿಯಲು ಅದಕ್ಕಿಂತ ಹತ್ತಿರದ ಜಾಗವಿಲ್ಲ.